ಗಟ್ಟಿಂಗ್ ಅಕ್ಕನಿಗೆ ಹೇಸಿಗೆ ಹುಟ್ಟಿದ ವರ್ಷ

ಟೆನಿಸ್ ರ್ಯಾಕೆಟ್ಟಿಗೆ ತಂತಿ ಬಿಗಿಯುವ ಕೆಲಸಕ್ಕೆ ಆಟಗಾರರು ಗಟ್ಟಿಂಗ್ ಅನ್ನುತ್ತಾರೆ. ಅಕ್ಕ ಆ ಕೆಲಸವನ್ನು ಮೂವತ್ತೆಂಟು ವರ್ಷ ಮಾಡಿದಳು. ಅವಳು ನನ್ನ ಒಡಹುಟ್ಟಿದವಳಲ್ಲ. ನಾನು ಕಂಡಕ್ಟರಾಗಿದ್ದ ಬಸ್ಸಿನ ಡ್ರೈವರನ್ನು ಭಾವ ಎಂದು ಕರೆಯುತ್ತಿದ್ದೆ, ಅವನ ಹೆಂಡತಿ ಅಕ್ಕನಾದಳು, ಅಷ್ಟೆ. ಊರಿನ ಅರ್ಧ ಜನಕ್ಕೂ ಅವಳು ಅಕ್ಕನೇ.

ಟೆನಿಸ್ ಕ್ರೀಡಾಂಗಣದ ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿ ಅವಳ ಕೋಣೆ. ಚಾವಣಿ ಒಂದು ಕಡೆ ಇಳಿಜಾರು. ಆ ಮೂಲೆಯಲ್ಲಿ ಬಗ್ಗದಿದ್ದರೆ ತಲೆಗೆ ಪೆಟ್ಟು ಗ್ಯಾರಂಟಿ. ನಡುವೆ ತಂತಿ ಎಳೆಯುವ ಯಂತ್ರ, ಗೋಡೆಗೆ ಹೊಡೆದ ಮೊಳೆಗಳಲ್ಲಿ ತಂತಿಯ ಸುರುಳಿಗಳು, ಬೆಂಚಿನ ಮೇಲೆ ಇಕ್ಕಳ, ದಬ್ಬಳ, ಕತ್ತರಿ. ಮೇಲೆ ಜನ ಕಾಲು ಕುಟ್ಟಿದರೆ ಸುಣ್ಣದ ಪುಡಿ ಅವಳ ತಲೆಯ ಮೇಲೆ ಉದುರುತ್ತಿತ್ತು. ಅವಳ ಅಪ್ಪನೂ ಅಲ್ಲೇ ಕೂತು ಇದೇ ಕೆಲಸ ಮಾಡಿದವನು. ಅವನ ಕಾಲದಲ್ಲಿ ತಂತಿ ಎಂದರೆ ಪ್ರಾಣಿಯ ಕರುಳು. ಹದಿನಾಲ್ಕನೇ ವಯಸ್ಸಿಗೆ ಅದನ್ನು ಮುಟ್ಟಿದ ಅಕ್ಕನಿಗೆ ಒಮ್ಮೆಯೂ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸಿರಲಿಲ್ಲವಂತೆ. ರ್ಯಾಕೆಟ್ಟನ್ನು ಅಂಗೈಗೆ ತಟ್ಟಿ, ಕಿವಿಯ ಹತ್ತಿರ ಹಿಡಿದು, "ಐವತ್ನಾಲ್ಕು ಪೌಂಡು. ಎರಡು ವಾರದ ಹಿಂದೆ ಐವತ್ತಾರಿತ್ತು" ಎಂದು ಹೇಳಿಬಿಡುವಳು. ಯಂತ್ರಕ್ಕೆ ಹಾಕಿ ನೋಡಿದರೆ ತಂತಿಯ ಬಿಗಿ ಅಷ್ಟೇ ಇರುತ್ತಿತ್ತು.

ಇಂಥವಳು ಐವತ್ತೆರಡನೇ ವಯಸ್ಸಿನಲ್ಲಿ ಒಂದೇ ವರ್ಷದೊಳಗೆ ಟೆನಿಸ್ ಅಂದರೆ ಮುಖ ಸಿಂಡರಿಸುವಂತಾದಳು. ಹೇಗಾದಳು ಎಂಬುದನ್ನು ಹೇಳುತ್ತೇನೆ. ಕೆಲವನ್ನು ಕಣ್ಣಾರೆ ಕಂಡೆ, ಉಳಿದದ್ದನ್ನು ಅವಳ ಬಾಯಿಂದಲೇ ಕೇಳಿದೆ.

ದೇಶದೇಶಗಳ ಗಂಡಸರ ತಂಡಗಳು ಆಡುವ ಪಂದ್ಯಾವಳಿಯೊಂದಿದೆ, ವರ್ಷವಿಡೀ ನಡೆಯುತ್ತದೆ. ಒಂದೊಂದು ಸುತ್ತು ಮೂರು ದಿನ. ಶುಕ್ರವಾರ ಎರಡು ಸಿಂಗಲ್ಸ್, ಶನಿವಾರ ಡಬಲ್ಸ್, ಭಾನುವಾರ ಮತ್ತೆರಡು ಸಿಂಗಲ್ಸ್. ಐದರಲ್ಲಿ ಮೂರು ಗೆದ್ದ ದೇಶ ಮುಂದಕ್ಕೆ. ಆ ವರ್ಷ ಮೂರು ಸುತ್ತು ಗೆದ್ದರೆ ನಮ್ಮ ತಂಡ ಮೊದಲ ಸಲ ಮೇಲಿನ ಗುಂಪಿಗೆ ಏರುವುದಿತ್ತು. ಊರಿಗೆ ಊರೇ ಅದರ ಗುಂಗಿನಲ್ಲಿತ್ತು. ನಮ್ಮ ಬಸ್ಸಿನಲ್ಲಿ ಟಿಕೆಟ್ ಕೇಳುವವರಿಗಿಂತ ಸ್ಕೋರು ಕೇಳುವವರೇ ಜಾಸ್ತಿ.

ಮೊದಲ ಸುತ್ತು ನಮ್ಮ ಊರಿನಲ್ಲೇ, ಚಳಿ ಇನ್ನೂ ಬಿಟ್ಟಿರದ ದಿನಗಳಲ್ಲಿ ನಡೆಯಿತು. ತಂಡದಲ್ಲಿ ಮುಖ್ಯವಾಗಿ ಇಬ್ಬರು. ಒಬ್ಬ ಸ್ಟಾರು; ಜಾಹೀರಾತಿನ ಫಲಕದಲ್ಲೆಲ್ಲ ಹಲ್ಲು ಕಿರಿಯುತ್ತಿದ್ದವನು. ಇನ್ನೊಬ್ಬನನ್ನು ಅಕ್ಕ "ನಮ್ಮ ಮೌನಿ" ಅನ್ನುತ್ತಿದ್ದಳು. ಹನ್ನೊಂದು ವರ್ಷದವನಿದ್ದಾಗಿನಿಂದ ಅವಳ ಕೋಣೆಗೆ ಬರುತ್ತಿದ್ದವನು, ಅವಳ ಊಟದ ಡಬ್ಬಿಯಲ್ಲಿ ಅರ್ಧ ಪಾಲು ತಿಂದು ದೊಡ್ಡವನಾದವನು. ಈಗ ಮೂವತ್ಮೂರು. ಮಂಡಿಗೆ ಎರಡು ಸಲ ಆಪರೇಷನ್ ಆಗಿತ್ತು. ಇದೇ ಕೊನೆಯ ವರ್ಷ ಎಂದು ಎಲ್ಲರಿಗೂ ಗೊತ್ತಿತ್ತು. ಇವರಿಬ್ಬರ ಮೇಲೆ ಕ್ಯಾಪ್ಟನ್. ಅವನು ಆಡುವುದು ಬಿಟ್ಟು ಹತ್ತು ವರ್ಷವಾಗಿತ್ತು, ಅಂಗಳದ ಪಕ್ಕ ಕುರ್ಚಿಯಲ್ಲಿ ಕೂತು ತಂಡ ನಡೆಸುವವನು. ಅವನ ಮೊದಲ ರ್ಯಾಕೆಟ್ಟಿಗೂ ಗಟ್ಟಿಂಗ್ ಮಾಡಿದ್ದು ಅಕ್ಕನೇ.

ಸ್ಟಾರು ಬೆವರಿನಲ್ಲಿ ನೆಂದ ಹಿಡಿಯ ಪಟ್ಟಿಯನ್ನು ಸುಲಿದು ಅಕ್ಕನ ಬೆಂಚಿನ ಮೇಲೇ ಎಸೆಯುತ್ತಿದ್ದ. ಮೂಗು ಒರೆಸಿದ ಟವೆಲ್ಲು, ಕಚ್ಚಿ ಬಿಟ್ಟ ಬಾಳೆಹಣ್ಣು, ಉಗುಳಿ ತುಂಬಿದ ನೀರಿನ ಬಾಟಲಿ ಎಲ್ಲವೂ ಅಲ್ಲೇ. ಅಕ್ಕ ಇಕ್ಕಳದಲ್ಲಿ ಎತ್ತಿ ಬುಟ್ಟಿಗೆ ಹಾಕುವಳು.

"ಇಕ್ಕಳ ತಂತಿಗೆ ಅಂತ ಇಟ್ಟಿರೋದು ಕಣಪ್ಪ, ನಿನ್ನ ಕಸಕ್ಕಲ್ಲ" ಎಂದು ಒಂದು ದಿನ ಹೇಳಿದಳು.

ಅವನು ಕಿವಿಯಿಂದ ಹಾಡಿನ ತಂತಿ ತೆಗೆಯದೆಯೇ ನಕ್ಕ.

ಶುಕ್ರವಾರ ತನಗಿಂತ ಎಷ್ಟೋ ಕೆಳಗಿನ ಆಟಗಾರನೊಬ್ಬನಿಗೆ ಅವನು ಸೋತ. ಸೋತವನು ರ್ಯಾಕೆಟ್ಟನ್ನು ಕುರ್ಚಿಗೆ ಬಡಿದು ಮುರಿದು, ಸಂಜೆ ಪತ್ರಕರ್ತರ ಮುಂದೆ ಕೂತು, "ಗಟ್ಟಿಂಗ್ ಸಡಿಲ ಇತ್ತು. ನಮ್ಮವರು ಇನ್ನೂ ಹಳೇ ಕಾಲದಲ್ಲೇ ಇದಾರೆ" ಎಂದ. ಅಕ್ಕ ಮುರಿದ ರ್ಯಾಕೆಟ್ಟನ್ನು ಕಸದಿಂದ ಆರಿಸಿ ತಂದು, ಹರಿಯದೆ ಉಳಿದಿದ್ದ ತಂತಿಗಳನ್ನು ತಟ್ಟಿ ನೋಡಿದಳು. ಬಿಗಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ಹಿಡಿದು ಕ್ಯಾಪ್ಟನ್ ಹತ್ತಿರ ಹೋದಳು.

"ಅಕ್ಕ, ಹುಡುಗ ಬಿಸೀಲಿದಾನೆ. ತಂಡದ ಸಲುವಾಗಿ ನುಂಗ್ಕೊಳಿ" ಎಂದ ಅವನು.

ಅಕ್ಕ ನುಂಗಿಕೊಂಡಳು. ಭಾನುವಾರ ಮೌನಿ ತನ್ನ ಎರಡನೇ ಸಿಂಗಲ್ಸನ್ನೂ ಗೆದ್ದು ಸುತ್ತು ಉಳಿಸಿದ. ಮರುದಿನ ಪೇಪರಿನಲ್ಲಿ ಸ್ಟಾರಿನ ಚಿತ್ರ ಬಂತು.

ಎರಡನೇ ಸುತ್ತು ಪರದೇಶದಲ್ಲಿ. ಅಕ್ಕನನ್ನೂ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದವನು ಯಾರು ಗೊತ್ತೇ? ಅದೇ ಸ್ಟಾರು. ಬೇರೆ ಕೈ ಕಟ್ಟಿದ ರ್ಯಾಕೆಟ್ ಹಿಡಿಯುವುದಿಲ್ಲವಂತೆ. "ಮೈಕಿನ ಮುಂದೆ ಬಯ್ಯಕ್ಕೂ ನಾನೇ ಬೇಕು, ಆಟ ಆಡಕ್ಕೂ ನಾನೇ ಬೇಕು" ಎಂದು ಅಕ್ಕ ಪೆಟ್ಟಿಗೆ ಕಟ್ಟಿದಳು. ಭಾವನಿಗೆ ಹದಿನೈದು ದಿನ ಅನ್ನ ಮಾಡುವುದು ಹೇಗೆಂದು ಗೋಡೆಗೆ ಚೀಟಿ ಅಂಟಿಸಿ ಹೋದಳು.

ಅಲ್ಲಿ ಆತಿಥೇಯರ ಕಡೆಯ ಗಟ್ಟಿಂಗ್‌ನವನು ಎಪ್ಪತ್ತು ದಾಟಿದ ಮುದುಕ. ಇವಳ ಮಾತು ಅವನಿಗೆ ತಿಳಿಯದು, ಅವನದು ಇವಳಿಗೆ ತಿಳಿಯದು. ಇಬ್ಬರೂ ಅಕ್ಕಪಕ್ಕದ ಯಂತ್ರಗಳಲ್ಲಿ ಕೂತು, ತಾವು ಕಟ್ಟಿದ ರ್ಯಾಕೆಟ್ಟನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಟ್ಟು, ಇವಳು ಬೆರಳಲ್ಲಿ ಅಂಕಿ ತೋರಿಸಿ, ಅವನು ತಲೆಯಾಡಿಸಿ ಮೂರು ದಿನ ಕಳೆದರು. ಕೊನೆಯ ಗಂಟು ಹಾಕುವುದರಲ್ಲಿ ಅಕ್ಕನದೊಂದು ರೀತಿಯಿತ್ತು. ತುದಿಯನ್ನು ಎರಡು ಸುತ್ತು ತಂದು ಒಳಗಿನಿಂದ ಎಳೆಯುವುದು, ಅಪ್ಪ ಕಲಿಸಿದ್ದು. ಮುದುಕ ಕನ್ನಡಕ ಏರಿಸಿ ಅದನ್ನು ನೋಡಿ, ಬಿಚ್ಚಿಸಿ, ಮತ್ತೆ ಹಾಕಿಸಿ ಕಲಿತುಕೊಂಡ. ಆ ಇಡೀ ವರ್ಷದಲ್ಲಿ ತನಗೆ ಹಿತವೆನಿಸಿದ್ದು ಆ ಮೂರು ದಿನ ಮಾತ್ರ ಎಂದು ಅಕ್ಕ ಆಮೇಲೆ ಹೇಳಿದಳು.

ನಮ್ಮವರು ಅಲ್ಲಿಯೂ ಗೆದ್ದರು. ಸ್ಟಾರು ಭಾನುವಾರ ಮಣಿಕಟ್ಟು ನೋವೆಂದು ಮಲಗಿದ. ಸೋಮವಾರ ವಿಮಾನ ನಿಲ್ದಾಣದಲ್ಲಿ ಅದೇ ಕೈಯಲ್ಲಿ ಎರಡು ಭಾರಿ ಪೆಟ್ಟಿಗೆ ಎತ್ತಿದ. ಗೆದ್ದ ಸಂಭ್ರಮದಲ್ಲಿ ತಂಡದವರು ಬಟ್ಟೆ ಬದಲಿಸುವ ಕೋಣೆಯನ್ನು ಎಂಥ ಸ್ಥಿತಿಯಲ್ಲಿ ಬಿಟ್ಟು ಬಂದರೆಂದರೆ, ವಾಂತಿಯ ಮೇಲೆ ಟವೆಲ್ಲು ಹಾಸಿ ಅದರ ಮೇಲೆ ನಡೆದಾಡಿದ್ದರು. ಮರೆತ ಸುರುಳಿಯೊಂದನ್ನು ತರಲು ಅಕ್ಕ ಹಿಂದಿರುಗಿದಾಗ ಆ ಮುದುಕ ಬಕೆಟ್ಟು ಹಿಡಿದು ಅದನ್ನು ತೊಳೆಯುತ್ತಿದ್ದ. ಅಕ್ಕ ಇನ್ನೊಂದು ಬಟ್ಟೆ ತೆಗೆದುಕೊಂಡು ಅವನ ಪಕ್ಕ ಕೂತು ನೆಲ ಒರೆಸಿದಳು. ಬಸ್ಸು ಅವಳಿಗಾಗಿ ಕಾಯುತ್ತಿತ್ತು. ಹತ್ತಿದಾಗ ಕ್ಯಾಪ್ಟನ್, "ಏನಕ್ಕ, ಅಲ್ಲೇ ಸಂಸಾರ ಹೂಡಿದ್ರಾ?" ಎಂದ. ಬಸ್ಸೆಲ್ಲ ನಗು.

"ನಿಮ್ಮ ಹೇಲು ಬಾಚ್ತಿದ್ದೆ" ಎಂದಳು ಅಕ್ಕ.

ಮೂರನೇ ಸುತ್ತು ವರ್ಷದ ಕೊನೆಗೆ, ಮತ್ತೆ ನಮ್ಮ ಊರಿನಲ್ಲಿ. ಗೆದ್ದರೆ ಮೇಲಿನ ಗುಂಪು. ಬಂದ ತಂಡದಲ್ಲಿ ಒಬ್ಬ ಎತ್ತರದವನಿದ್ದ. ಅವನ ಹೆಸರು ಹೇಳಲು ಬಾರದೆ ನಮ್ಮ ಜನ ಉದ್ದಕಾಲು ಎಂದು ಕರೆದರು. ಅವನ ಹೊಡೆತ ತಡೆಯುವುದು ನಮ್ಮವರ ಕೈಯಲ್ಲಿ ಆಗುವ ಮಾತಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಂದ ತಂಡ ತನ್ನ ಗಟ್ಟಿಂಗ್‌ನವರನ್ನು ಕರೆತರದಿದ್ದರೆ ನಿಯಮದ ಪ್ರಕಾರ ಊರಿನವರೇ ಅವರಿಗೂ ಮಾಡಿಕೊಡಬೇಕು. ಹಾಗಾಗಿ ಭಾನುವಾರಕ್ಕೆ ಹೊಸದಾಗಿ ಕಟ್ಟಬೇಕಿದ್ದ ಅವನ ಮೂರು ರ್ಯಾಕೆಟ್ಟುಗಳೂ ಅಕ್ಕನ ಬೆಂಚಿಗೇ ಬಂದವು. ಅವನು ತಾನೇ ತಂದುಕೊಟ್ಟು, ಹಿಡಿಗಳನ್ನು ಒರೆಸಿ ಸಾಲಾಗಿ ಜೋಡಿಸಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಹೋದ.

ಶುಕ್ರವಾರ ಉದ್ದಕಾಲು ಸ್ಟಾರನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸಿದ. ಇನ್ನೊಂದು ಪಂದ್ಯವನ್ನು ಮೌನಿ ಗೆದ್ದ. ಅಂದು ಸಂಜೆ ಆರಕ್ಕೆ ಕ್ಯಾಪ್ಟನ್ ಮತ್ತು ಟೆನಿಸ್ ಸಂಘದ ಕಾರ್ಯದರ್ಶಿ ಅಕ್ಕನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಕಾರ್ಯದರ್ಶಿ ಯಾವತ್ತೂ ಆ ಕೋಣೆಗೆ ಬಂದವನಲ್ಲ. ಬಂದವನೇ ಇಳಿಜಾರಿಗೆ ತಲೆ ಚಚ್ಚಿಕೊಂಡ.

"ನೋಡಮ್ಮ, ನಿಮ್ಮ ಕೈಯ ಕೆಲಸ ನಮಗೆಲ್ಲ ಗೊತ್ತು" ಎಂದು ಹಣೆ ಉಜ್ಜಿಕೊಳ್ಳುತ್ತ ಬೆಣ್ಣೆ ಹಚ್ಚಿದ. "ಆ ಉದ್ದಕಾಲಿನವನ ರ್ಯಾಕೆಟ್ಟು ಭಾನುವಾರ ಸ್ವಲ್ಪ... ಹೆಚ್ಚು ಕಡಿಮೆ ಆಗಬೇಕು."

"ಸಡಿಲ ಮಾಡಿದ್ರೆ ಮೊದಲನೇ ಚೆಂಡಿಗೇ ಅವನಿಗೆ ಗೊತ್ತಾಗತ್ತೆ" ಎಂದಳು ಅಕ್ಕ. ಅವರು ತಮಾಷೆ ಮಾಡುತ್ತಿದ್ದಾರೆಂದೇ ಅವಳು ಆಗಲೂ ತಿಳಿದಿದ್ದಳು.

"ಸಡಿಲ ಅಲ್ಲಕ್ಕ" ಎಂದ ಕ್ಯಾಪ್ಟನ್. ಅವನು ಎಲ್ಲ ಯೋಚಿಸಿಕೊಂಡೇ ಬಂದಿದ್ದ. "ಬ್ಲೇಡು. ಚೌಕಟ್ಟಿನ ಒಳಗೆ ತಂತಿ ಮಡಚೋ ಜಾಗದಲ್ಲಿ ಒಂದು ಗೀರು. ಹೊರಗೆ ಕಾಣಲ್ಲ. ಹತ್ತು ನಿಮಿಷ ಆಡಿದ ಮೇಲೆ ತಾನೇ ಹರಿಯತ್ತೆ. ತಂತಿ ಹರಿಯೋದು ಇದ್ದದ್ದೇ ಅಲ್ವಾ?"

ಅಕ್ಕ ಅವನ ಮುಖ ನೋಡಿದಳು. ಒಂಬತ್ತು ವರ್ಷದವನಿದ್ದಾಗ ಇದೇ ಬೆಂಚಿನ ಮೇಲೆ ಹತ್ತಿ ಕೂತು ಕಾಲಾಡಿಸುತ್ತಿದ್ದವನ ಮುಖ.

"ಥೂ" ಎಂದಳು.

"ದೇಶದ ಪ್ರಶ್ನೆ ಅಮ್ಮ ಇದು" ಎಂದ ಕಾರ್ಯದರ್ಶಿ.

"ಬಾಗಿಲು ತೆಗೀರಿ. ನಂಗೆ ಉಸಿರು ಕಟ್ತಿದೆ."

ಅವರು ಹೋದರು. ಅಕ್ಕ ಮನೆಗೆ ಬಂದು ನನಗೂ ಭಾವನಿಗೂ ಇದನ್ನೆಲ್ಲ ಹೇಳಿದಳು. ನಾನು ಎಲ್ಲಾದರೂ ದೂರು ಕೊಡು ಎಂದೆ. "ಮಾಡಲ್ಲ ಅಂದೆನಲ್ಲ, ಅಲ್ಲಿಗೆ ಮುಗೀತು. ಇನ್ಯಾಕೆ ರಂಪ?" ಎಂದಳು. ಆ ಒಂದು ಮಾತಿಗೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಶನಿವಾರ ಬೆಳಿಗ್ಗೆ ಹೋದರೆ ಗೇಟಿನಲ್ಲಿ ಕಾವಲುಗಾರ ತಡೆದ. ಅವಳ ಪಾಸು ರದ್ದಾಗಿತ್ತು. "ನಾನೇನ್ ಮಾಡ್ಲಿ ಅಕ್ಕ, ಮೇಲಿಂದ ಹೇಳಿದಾರೆ. ಬಂದಿದ್ರಿ, ವಾಪಸ್ ಕಳಿಸ್ದೆ ಅಂತ ಬುಕ್ಕಲ್ಲಿ ಬರೀಬೇಕಂತೆ" ಎಂದು ಅವನು ಗಂಟೆ ಸಮೇತ ಬರೆದುಕೊಂಡ. ಒಳಗೆ ಅವಳ ಯಂತ್ರದ ಮುಂದೆ ಬೇರೆ ಯಾರೋ ಕೂತಿರುವುದು ಕಿಟಕಿಯಿಂದ ಕಂಡಿತು. ಕ್ಯಾಪ್ಟನ್‌ನ ಭಾವಮೈದುನ, ಸಂಘದ ತರಬೇತಿ ಕೇಂದ್ರದ ಕೋಚು. ಅಂದು ಡಬಲ್ಸನ್ನು ನಮ್ಮವರು ಗೆದ್ದರು.

ಭಾನುವಾರ ಭಾವ ಹೇಗೋ ಮೂರು ಟಿಕೆಟ್ ಗಿಟ್ಟಿಸಿದ. ಮೇಲಿನ ಗ್ಯಾಲರಿ, ಕೊನೆಯ ಸಾಲು. ಅಕ್ಕ ಬರುವುದಿಲ್ಲ ಎಂದಳು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನಮಗಿಂತ ಮುಂಚೆ ಹೊರಟಳು. ಮೊದಲ ಪಂದ್ಯದಲ್ಲಿ ಸ್ಟಾರು ಮತ್ತೆ ಸೋತು ಲೆಕ್ಕ ಎರಡೆರಡಕ್ಕೆ ನಿಂತಿತು. ಕೊನೆಯದು ಮೌನಿಗೂ ಉದ್ದಕಾಲಿಗೂ.

ಆ ಪಂದ್ಯವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೌನಿ ಎರಡು ಸೆಟ್ ಸೋತು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಮುಂದಿನ ಎರಡನ್ನೂ ಗೆದ್ದು ಸಮ ಮಾಡಿದ. ಐದನೇ ಸೆಟ್ಟು. ಉದ್ದಕಾಲು ತನ್ನ ದೇಶದಲ್ಲೇ ಕಟ್ಟಿಸಿ ತಂದಿದ್ದ ರ್ಯಾಕೆಟ್ಟು ಇಟ್ಟು, ಇಲ್ಲಿ ಹೊಸದಾಗಿ ಕಟ್ಟಿಸಿದ್ದನ್ನು ಚೀಲದಿಂದ ತೆಗೆದ. ಮೂರನೇ ಆಟದಲ್ಲಿ ಟಪ್ ಎಂದು ತಂತಿ ಹರಿಯಿತು. ಜನ ಚಪ್ಪಾಳೆ ತಟ್ಟಿದರು. ಅವನು ಇನ್ನೊಂದನ್ನು ತೆಗೆದ. ಐದನೇ ಆಟದಲ್ಲಿ ಅದೂ ಹರಿಯಿತು. ಅಕ್ಕ ಎದ್ದು ನಿಂತಳು.

"ಕೂತ್ಕೊಳೇ, ಹಿಂದಿನವರಿಗೆ ಕಾಣಲ್ಲ" ಎಂದ ಭಾವ.

"ಹಿಂದೆ ಗೋಡೆ ಇದೆ ರೀ" ಎಂದಳು ಅಕ್ಕ. ಕೂರಲಿಲ್ಲ.

ಮೂರನೆಯದು ಏಳನೇ ಆಟದಲ್ಲಿ ಹರಿಯಿತು. ಉದ್ದಕಾಲು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ರೆಫರಿಯ ಕಡೆ ನೋಡಿ, ಕೈ ಚೆಲ್ಲಿದ. ತನ್ನ ತಂಡದ ಇನ್ನೊಬ್ಬನ ರ್ಯಾಕೆಟ್ಟು ಬೇಡಿ ತಂದು ಆಡಿದ. ಅದು ಅವನ ಕೈಗೆ ಒಗ್ಗಲಿಲ್ಲ. ಚೆಂಡು ಗೆರೆ ದಾಟಿ ಹೋಗತೊಡಗಿತು. ಮೌನಿ ಗೆದ್ದ. ನಮ್ಮ ದೇಶ ಮೇಲಿನ ಗುಂಪಿಗೆ ಹೋಯಿತು.

ಜನ ಹುಚ್ಚೆದ್ದರು. ಭಾವ ಗುರುತಿಲ್ಲದವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದ. ತಿರುಗಿ ನೋಡಿದರೆ ಅಕ್ಕ ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು.

ಕೆಳಗೆ ಆ ಗದ್ದಲದಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ನಾನು ಹಿಂದೆಯೇ ಹೋದೆ. ಗಟ್ಟಿಂಗ್ ಕೋಣೆಯ ಬಾಗಿಲಲ್ಲಿ ಉದ್ದಕಾಲು ನಿಂತಿದ್ದ. ಮೂರು ರ್ಯಾಕೆಟ್ಟನ್ನೂ ಬೆಂಚಿನ ಮೇಲಿಟ್ಟು ಅವಳನ್ನೇ ನೋಡಿದ. ಒಂದೊಂದಕ್ಕೂ ಚೀಟಿ ಕಟ್ಟಿತ್ತು. ಶನಿವಾರದ ತಾರೀಖು, ಐವತ್ನಾಲ್ಕು ಪೌಂಡು, ಕಟ್ಟಿದವರು ಎಂಬಲ್ಲಿ ಅಕ್ಕನ ಹೆಸರು.

ಅಕ್ಕ ಹರಿದ ತುದಿಗಳನ್ನು ದೀಪಕ್ಕೆ ಹಿಡಿದಳು. ತಾನಾಗಿ ಸವೆದು ಹರಿದ ತಂತಿಯ ತುದಿ ಪೂರ್ತಿ ಹಿಂಜಿಕೊಂಡಿರುತ್ತದೆ. ಇವು ಅರ್ಧ ನುಣುಪು, ಅರ್ಧ ಹಿಂಜು. ಆಮೇಲೆ ಗಂಟು ನೋಡಿದಳು. ಒಂದೇ ಸುತ್ತಿನ ಗಂಟು, ಅವಳದಲ್ಲ. ತಾನು ಗುರುವಾರ ಕಟ್ಟಿದ್ದ ಬೇರೆಯವರ ರ್ಯಾಕೆಟ್ಟೊಂದನ್ನು ಮೊಳೆಯಿಂದ ತೆಗೆದು ಪಕ್ಕದಲ್ಲಿಟ್ಟು ಅವನಿಗೆ ತೋರಿಸಿದಳು. ಅವನು ಬೆರಳಿಂದ ಎರಡನ್ನೂ ಮುಟ್ಟಿ ನೋಡಿದ. ಅವನಿಗೆ ಅರ್ಥವಾಯಿತು. ರೆಫರಿಯನ್ನು ಕರೆತರಲು ಹೋದ.

ಅಷ್ಟರಲ್ಲಿ ಮೌನಿ ಬಂದ. ಕೊರಳಲ್ಲಿ ಹಾರ, ಯಾರೋ ಸುರಿದ ಪಾನೀಯದಿಂದ ಅಂಗಿ ಅಂಟಂಟು. ಬೆಂಚಿನ ಮೇಲಿದ್ದದ್ದನ್ನು ನೋಡಿ ನಿಂತುಬಿಟ್ಟ.

"ನಿಂಗೆ ಗೊತ್ತಿತ್ತೇನೋ?" ಎಂದಳು ಅಕ್ಕ.

"ಮುಂಚೆ ಗೊತ್ತಿರ್ಲಿಲ್ಲ ಅಕ್ಕ. ಆಣೆ ಮಾಡಿ ಹೇಳ್ತೀನಿ." ಅವನು ನೆಲ ನೋಡಿದ. "ಮೂರನೇದು ಹರಿದಾಗ ಗೊತ್ತಾಯ್ತು."

"ಆಮೇಲೂ ಆಡಿದೆ."

"ಇಪ್ಪತ್ತೆರಡು ವರ್ಷ ಅಕ್ಕ. ಈ ಮಂಡಿ ಇಟ್ಕೊಂಡು ಇಪ್ಪತ್ತೆರಡು ವರ್ಷ. ಇನ್ನೊಂದ್ಸಲ ನಂಗೆ ಸಿಗಲ್ಲ. ನೀವೇನೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ." ಅವನು ನಿಜವಾಗಿಯೂ ಬಗ್ಗಿದ.

ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು. ಕ್ಯಾಪ್ಟನ್‌ನ ಮಾತಿಗೆ ಮೈ ಉರಿದಿತ್ತಂತೆ. ಇವನು ಬಗ್ಗಿದಾಗ ಮಾತ್ರ, ಊಟದ ಡಬ್ಬಿಯಲ್ಲಿ ಹುಳು ಕಂಡಂತಾಯಿತಂತೆ.

ರೆಫರಿ ಬಂದ, ಹಿಂದೆಯೇ ಕ್ಯಾಪ್ಟನ್ ಮತ್ತು ಕಾರ್ಯದರ್ಶಿ. ಕಾರ್ಯದರ್ಶಿ ಚೀಟಿಗಳನ್ನು ಎತ್ತಿ ತೋರಿಸಿದ. "ಇವರದೇ ಹೆಸರಿದೆ ನೋಡಿ. ವಯಸ್ಸಾಯ್ತು, ಕೈ ತಪ್ಪಿರಬೇಕು" ಎಂದು ಎಲ್ಲವನ್ನೂ ಅವಳ ತಲೆಗೆ ಕಟ್ಟಿದ.

"ಕಾವಲುಗಾರನ ಬುಕ್ಕು ತರಿಸಿ" ಎಂದಳು ಅಕ್ಕ. "ಶನಿವಾರ ನನ್ನ ಒಳಗೇ ಬಿಟ್ಟಿಲ್ಲ ನೀವು. ಗೇಟಾಚೆ ನಿಂತು ಹೇಗೆ ಕಟ್ಟಿದೆ ನಾನು?"

ತಮ್ಮದೇ ಜಾಣತನ ತಮ್ಮ ಕುತ್ತಿಗೆಗೆ ಬರುತ್ತದೆಂದು ಅವರು ಎಣಿಸಿರಲಿಲ್ಲ. ರೆಫರಿ ಬುಕ್ಕು ನೋಡಿದ, ತಂತಿಗಳನ್ನು ಲಕೋಟೆಗೆ ಹಾಕಿಸಿದ, ಅಕ್ಕನ ಹೇಳಿಕೆ ಬರೆದುಕೊಂಡ. ಶುಕ್ರವಾರ ಸಂಜೆ ನಡೆದದ್ದನ್ನೆಲ್ಲ ಅವಳು ಒಂದೂ ಬಿಡದೆ ಹೇಳಿದಳು. ಮೌನಿ ಗೋಡೆಗೆ ಒರಗಿ ಕೇಳುತ್ತಿದ್ದ. ಮಧ್ಯದಲ್ಲಿ ಯಾವಾಗಲೋ ಹೊರಟು ಹೋದ.

ನ್ಯಾಯ ಸಿಕ್ಕಿತೇ ಎಂದು ಕೇಳಿದರೆ ಏನು ಹೇಳಲಿ? ನಾಲ್ಕು ತಿಂಗಳಾದ ಮೇಲೆ ತೀರ್ಪು ಬಂತು. ಫಲಿತಾಂಶ ಹಾಗೇ ಉಳಿಯಿತು. ಭಾವಮೈದುನನಿಗೆ ಎರಡು ವರ್ಷ ನಿಷೇಧ. ಕ್ಯಾಪ್ಟನ್‌ಗೆ ಒಂದು ಎಚ್ಚರಿಕೆಯ ಪತ್ರ. ಕಾರ್ಯದರ್ಶಿಗೆ ಅದೂ ಇಲ್ಲ. ಆ ಮಾತು ಆಡಿದ್ದಕ್ಕೆ ಸಾಕ್ಷಿಯಿಲ್ಲವಂತೆ. ಊರಿನ ದೃಷ್ಟಿಯಲ್ಲಿ ತಪ್ಪಿತಸ್ಥೆ ಅಕ್ಕ. ದೇಶದ ಮಾನ ಕಳೆದವಳು ಎಂದು ಪೇಪರಿನವರು ಬರೆದರು. ಹಾಲಿನ ಅಂಗಡಿಯವನು ಅವಳು ಹೋದರೆ ಬೇರೆ ಕಡೆ ನೋಡುತ್ತಿದ್ದ. ಅವಳ ಕಿಟಕಿಗೆ ಯಾರೋ ಕೊಳೆತ ಮೊಟ್ಟೆ ಹೊಡೆದರು. ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ ಭಾವನಿಗೆ ಕೇಳುವಂತೆ, "ಇಂಥ ಹೆಂಡ್ತೀನ ಇಟ್ಕೊಂಡು ಹೇಗೆ ಬದುಕ್ತಾನೋ" ಎಂದಾಗ, ಭಾವ ಬಸ್ಸು ನಿಲ್ಲಿಸಿ ಕೆಳಗಿಳಿದು ಬಾಗಿಲು ತೆರೆದು, "ನಿಮ್ಮ ಸ್ಟಾಪು ಬಂತು ಸ್ವಾಮಿ" ಎಂದ. ನಡುರಸ್ತೆಯಲ್ಲಿ ಯಾವ ಸ್ಟಾಪೂ ಇರಲಿಲ್ಲ. ಅವನು ಇಳಿಯುವವರೆಗೆ ಬಸ್ಸು ಅಲ್ಲಾಡಲಿಲ್ಲ.

ಕ್ರೀಡಾಂಗಣದ ಕೋಣೆಗೆ ಬೀಗ ಬಿತ್ತು. ಯಂತ್ರ ಅಪ್ಪನ ಕಾಲದ್ದು, ಸ್ವಂತದ್ದು. ನಾನೂ ಭಾವನೂ ಅದನ್ನು ಹೊತ್ತು ತಂದು ಮನೆಯ ಮುಂದಿನ ಕೋಣೆಯಲ್ಲಿ ಇಟ್ಟೆವು. ಮೊದಲು ಯಾರೂ ಬರಲಿಲ್ಲ. ಆಮೇಲೆ ಬ್ಯಾಡ್ಮಿಂಟನ್ ಆಡುವ ಹೆಂಗಸರು ಬಂದರು, ಶಾಲೆಯವರು ಬಂದರು. ಕೆಲಸ ನಡೆಯಿತು. ಟೆನಿಸ್ ಬಂದರೆ ಟೀವಿ ಆರಿಸುತ್ತಿದ್ದಳು.

ಮರುವರ್ಷ ಮೇಲಿನ ಗುಂಪಿನ ಮೊದಲ ಸುತ್ತಿಗೆ ಹತ್ತು ದಿನ ಇರುವಾಗ ಕಾರ್ಯದರ್ಶಿಯೇ ಮನೆ ಬಾಗಿಲಿಗೆ ಬಂದ. ಹೊಸ ಗಟ್ಟಿಂಗ್‌ನವನ ಕೆಲಸ ಸ್ಟಾರಿಗೆ ಹಿಡಿಸುತ್ತಿಲ್ಲವಂತೆ. ಅಂದು ರಜೆ, ನಾನೂ ಅಲ್ಲೇ ಇದ್ದೆ.

"ಹಳೇದೆಲ್ಲ ಮರೆತುಬಿಡೋಣಮ್ಮ. ನಾವೆಲ್ಲ ಮಾಡಿದ್ದು ದೇಶಕ್ಕೋಸ್ಕರ ತಾನೆ?"

ಅಕ್ಕ ತಂತಿ ಎಳೆಯುವುದನ್ನು ನಿಲ್ಲಿಸಲಿಲ್ಲ. "ಆ ಮಾತು ನಿಮ್ಮ ಬಾಯಲ್ಲಿ ಬಂದಾಗೆಲ್ಲ ನಂಗೆ ಕಿವಿ ತೊಳ್ಕೋಬೇಕು ಅನ್ಸತ್ತೆ" ಎಂದಳು. "ಹೋಗಿ. ಹೊಸಿಲು ದಾಟ್ಬೇಡಿ, ಈಗಷ್ಟೇ ಒರೆಸಿದೀನಿ."

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಭಾವ ಅವನ ಭುಜದ ಮೇಲೆ ಕೈಯಿಟ್ಟು, ಬಸ್ ನಿಲ್ದಾಣದವರೆಗೂ ಜೊತೆಗೆ ಹೋಗಿ, ಬಸ್ಸು ಹತ್ತಿಸಿಯೇ ಬಂದ.

ಮೌನಿ ಆಡುವುದು ಬಿಟ್ಟ. ಗೆದ್ದ ದಿನದ ಅವನ ಚಿತ್ರ ಈಗ ಕ್ರೀಡಾಂಗಣದ ಹೆಬ್ಬಾಗಿಲಲ್ಲಿದೆ, ಆಳೆತ್ತರದ್ದು. ನಮ್ಮ ಬಸ್ಸು ದಿನಕ್ಕೆ ಎಂಟು ಸಲ ಅದರ ಮುಂದೆ ಹಾದುಹೋಗುತ್ತಿತ್ತು. ಒಂದು ಸಂಜೆ ಅವನು ಅಕ್ಕನ ಬೀದಿಯಲ್ಲಿ, ಎದುರಿನ ಕಂಬದ ಪಕ್ಕ ಸುಮಾರು ಹೊತ್ತು ನಿಂತಿದ್ದನಂತೆ. ಅಕ್ಕ ಕಿಟಕಿಯಿಂದ ನೋಡಿದಳು. ಕರೆಯಲಿಲ್ಲ.

"ಕರೆದಿದ್ರೆ ಬರ್ತಿದ್ನೇನೋ" ಎಂದೆ ನಾನು.

"ಬರ್ತಿದ್ದ" ಎಂದಳು. "ಊಟ ಆಯ್ತೇನೋ ಅಂತ ಕೇಳಿಬಿಡ್ತಿದ್ದೆ. ಅದಕ್ಕೇ ಕರೀಲಿಲ್ಲ."